ಆತ್ಮಗಳ ಸ್ಥಿತಿಗತಿ: ಧರ್ಮಕೇಂದ್ರದ ವಾರ್ಷಿಕ ಲೆಕ್ಕವೂ ಅದರ ಆರೋಗ್ಯವೂ

ವರ್ಷವೊಂದು ಮುಗಿದು ಹೊಸ ವರ್ಷ ಕಾಲಿಡುವ ಹೊತ್ತಿಗೆ ಧರ್ಮಕೇಂದ್ರದ ಗುರುಗಳ ಪಾಲಿಗೆ ಒಂದು ಕೆಲಸ ತಪ್ಪದೆ ಬರುತ್ತದೆ. ಕುಟುಂಬಗಳು ಎಷ್ಟು, ಜನರು ಎಷ್ಟು, ಜ್ಞಾನಸ್ನಾನ ಪಡೆದ ಮಕ್ಕಳು ಎಷ್ಟು, ಮೊದಲ ಪರಮಪ್ರಸಾದ ಸ್ವೀಕರಿಸಿದವರು, ವಿವಾಹವಾದವರು, ಸಮಾಧಿ ಸೇರಿದವರು ಎಷ್ಟು ಎಂಬುದನ್ನೆಲ್ಲ ದಾಖಲೆ ಪುಸ್ತಕಗಳಿಂದ ಎತ್ತಿ ಬರೆದು ಧರ್ಮಾಧ್ಯಕ್ಷರಿಗೆ ಒಪ್ಪಿಸಬೇಕು. ಶತಮಾನೋತ್ಸವವೆಂದರೆ ಒಂದು ದೃಷ್ಟಿಯಿಂದ ಇಂತಹ ನೂರು ಲೆಕ್ಕಗಳ ಮೊತ್ತವೇ ಸರಿ. ಸಂಭ್ರಮದ ಈ ವೇಳೆಯಲ್ಲಿ ನಾವು ಅಂದಿನ ಸಂಖ್ಯೆಯನ್ನೂ ಇಂದಿನ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೇವೆ. ಹೆಚ್ಚಿದ್ದರೆ ಬೆಳೆದೆವೆಂದು ಹಿಗ್ಗುತ್ತೇವೆ. ಕಡಿಮೆಯಾಗಿದ್ದರೆ ಕ್ಷೀಣಿಸಿದೆವೆಂದು ಕೊರಗುತ್ತೇವೆ. ಆದರೆ ಬೆಳವಣಿಗೆ ಬೇರೆ, ಆರೋಗ್ಯ ಬೇರೆ. ಈ ಭೇದವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಸೀಮೆಗಳ ನಮ್ಮ ಪೂರ್ವಜರ ಚರಿತ್ರೆಯೇ ಸಾಕು.

ಎಣಿಕೆಯ ಎರಡು ಬಗೆ

ಪವಿತ್ರ ಗ್ರಂಥದಲ್ಲಿ ಎಣಿಕೆಯ ಎರಡು ಪ್ರಸಂಗಗಳಿವೆ. ಮೊದಲನೆಯದು ದಾವೀದ ಅರಸನದು. ತನ್ನ ರಾಜ್ಯದಲ್ಲಿ ಕತ್ತಿ ಹಿಡಿಯಬಲ್ಲವರು ಎಷ್ಟು ಮಂದಿ ಎಂದು ತಿಳಿಯಲು ಆತ ಜನಗಣತಿ ಮಾಡಿಸಿದ. ಒಂಬತ್ತು ತಿಂಗಳು ಇಪ್ಪತ್ತು ದಿನಗಳ ಆ ಗಣತಿ ಮುಗಿದಾಗ ಅರಸನ ಮನಸ್ಸೇ ಅವನನ್ನು ಚುಚ್ಚಿತು. ನಾಡಿಗೆ ಮಾರಿ ಬಡಿಯಿತು. ಎರಡನೆಯದು ಪ್ರಭು ಯೇಸು ಹೇಳಿದ ಕುರುಬನ ಸಾಮತಿ. ಅವನಲ್ಲಿದ್ದದ್ದು ನೂರು ಕುರಿಗಳು. ಸಂಜೆಗೆ ಎಣಿಸಿದಾಗ ತೊಂಬತ್ತೊಂಬತ್ತು. ಎಣಿಸದೆ ಇದ್ದಿದ್ದರೆ ಒಂದು ತಪ್ಪಿಹೋದ ಸಂಗತಿ ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಇಬ್ಬರೂ ಎಣಿಸಿದವರೇ. ಅರಸನು ಇರುವವರನ್ನು ಎಣಿಸಿದ್ದು ತನ್ನ ಬಲವನ್ನು ಅರಿಯಲು. ಕುರುಬನು ಎಣಿಸಿದ್ದು ಇಲ್ಲದವನನ್ನು ಹುಡುಕಲು. ಧರ್ಮಕೇಂದ್ರದ ವಾರ್ಷಿಕ ಲೆಕ್ಕವು ಈ ಎರಡರಲ್ಲಿ ಯಾವ ಬಗೆಯದು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಐದು ಪುಸ್ತಕಗಳು

ಧರ್ಮಸಭೆಯಲ್ಲಿ ದಾಖಲೆ ಪುಸ್ತಕಗಳ ಪದ್ಧತಿಗೆ ಕಟ್ಟುನಿಟ್ಟಾದ ರೂಪ ಬಂದದ್ದು ತ್ರೆಂತ್ ಮಹಾಸಭೆಯಿಂದ. ಗುಪ್ತ ವಿವಾಹಗಳ ಅನರ್ಥವನ್ನು ತಡೆಯಲು 1563ರಲ್ಲಿ ಆ ಮಹಾಸಭೆಯು ಪ್ರತಿ ವಿವಾಹವನ್ನೂ ಧರ್ಮಗುರುವು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರಲ್ಲಿ ಐದನೆಯ ಪೌಲ ಜಗದ್ಗುರುಗಳ ಕಾಲದಲ್ಲಿ ಹೊರಬಂದ ರೋಮನ್ ಸಂಸ್ಕಾರ ಗ್ರಂಥವು ಐದು ಪುಸ್ತಕಗಳನ್ನು ಹೇಳಿತು: ಜ್ಞಾನಸ್ನಾನದ್ದು, ದೃಢೀಕರಣದ್ದು, ವಿವಾಹದ್ದು, ಮರಣದ್ದು, ಮತ್ತು ಐದನೆಯದಾಗಿ 'ಸ್ತಾತುಸ್ ಅನಿಮಾರುಂ' ಎಂಬ ಲ್ಯಾಟಿನ್ ಹೆಸರಿನ ಪುಸ್ತಕ. ಅದರ ಅರ್ಥ 'ಆತ್ಮಗಳ ಸ್ಥಿತಿ'. ಮೊದಲ ನಾಲ್ಕು ಪುಸ್ತಕಗಳಲ್ಲಿ ಘಟನೆಗಳು ದಾಖಲಾಗುತ್ತವೆ; ಐದನೆಯದರಲ್ಲಿ ಮನೆ ಮನೆಯ ಜನರು ದಾಖಲಾಗುತ್ತಾರೆ. ಯಾವ ಮನೆಯಲ್ಲಿ ಯಾರು ಇದ್ದಾರೆ, ಯಾರು ಸಂಸ್ಕಾರಗಳಿಂದ ದೂರವಾಗಿದ್ದಾರೆ ಎಂಬುದು ಅಲ್ಲಿ ತಿಳಿಯಬೇಕು. ಮನೆಗೆ ಹೋಗದೆ ಅದನ್ನು ಬರೆಯಲು ಬಾರದು.

1917ರ ಧರ್ಮಸಭಾ ಕಾನೂನು ಸಂಹಿತೆಯು ಈ ಐದು ಪುಸ್ತಕಗಳನ್ನೂ ಉಳಿಸಿಕೊಂಡು, ಆತ್ಮಗಳ ಸ್ಥಿತಿಯ ಪುಸ್ತಕದ ಹೊರತು ಉಳಿದವುಗಳ ಪ್ರತಿಯನ್ನು ಪ್ರತಿ ವರ್ಷಾಂತ್ಯದಲ್ಲಿ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕೆಂದು ಆಜ್ಞಾಪಿಸಿತು. 1983ರ ನವೆಂಬರ್ 27ರಂದು ಜಾರಿಗೆ ಬಂದ ಈಗಿನ ಸಂಹಿತೆಯ 535ನೆಯ ವಿಧಿಯು ಜ್ಞಾನಸ್ನಾನ, ವಿವಾಹ, ಮರಣ ಎಂಬ ಮೂರು ಪುಸ್ತಕಗಳನ್ನು ಮಾತ್ರ ಹೆಸರಿಸಿ, ಉಳಿದವುಗಳನ್ನು ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗೂ ಆಯಾ ಧರ್ಮಾಧ್ಯಕ್ಷರಿಗೂ ಬಿಟ್ಟಿದೆ. ಹಾಗೆಂದು ಆತ್ಮಗಳ ಸ್ಥಿತಿಯನ್ನು ಅರಿಯುವ ಹೊಣೆ ಇಲ್ಲವಾಯಿತೆಂದು ಭಾವಿಸಲಾಗದು. ಅದೇ ಸಂಹಿತೆಯ 529ನೆಯ ವಿಧಿಯ ಪ್ರಕಾರ ಗುರುವು ತನ್ನ ವಶಕ್ಕೆ ಒಪ್ಪಿಸಲ್ಪಟ್ಟವರನ್ನು ಅರಿಯಲು ಯತ್ನಿಸಬೇಕು, ಕುಟುಂಬಗಳನ್ನು ಸಂದರ್ಶಿಸಬೇಕು, ಅವರ ಚಿಂತೆಯಲ್ಲೂ ದುಃಖದಲ್ಲೂ ಪಾಲುಗೊಳ್ಳಬೇಕು. ಬಡವರು, ನೊಂದವರು, ಒಂಟಿಯಾದವರು, ತಮ್ಮ ನಾಡಿನಿಂದ ದೂರವಾದವರು ಇವರನ್ನು ವಿಶೇಷ ಶ್ರದ್ಧೆಯಿಂದ ನೋಡಿಕೊಳ್ಳಬೇಕು. ಪುಸ್ತಕದ ಹೆಸರು ಅಳಿಯಿತು. ಅದರ ಹಿಂದಿದ್ದ ನಡಿಗೆ ಉಳಿಯಿತು.

ಶೂನ್ಯದಿಂದ ಮತ್ತೆ ಎಣಿಕೆ

ನಮ್ಮ ಸೀಮೆಯಲ್ಲಿ ಒಮ್ಮೆ ಈ ಲೆಕ್ಕ ಬಹುಪಾಲು ಶೂನ್ಯಕ್ಕಿಳಿದಿತ್ತು. ಇಕ್ಕೇರಿಯ ಅರಸರ ಉತ್ತೇಜನದಿಂದ ಕೆನರಾದಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರು ಹದಿನೆಂಟನೆಯ ಶತಮಾನದ ಹೊತ್ತಿಗೆ ಕೃಷಿಕರಾಗಿ, ವ್ಯಾಪಾರಿಗಳಾಗಿ ಬೇರೂರಿದ್ದರು. ನೇತ್ರಾವತಿಯ ದಡದ ಅರ್ಕುಳದಲ್ಲಿ ಅವರ ವಸತಿ ಎಷ್ಟು ದೊಡ್ಡದಾಗಿತ್ತೆಂದರೆ ಊರಿಗೆ ಫರಂಗಿಪೇಟೆ ಎಂಬ ಹೆಸರೇ ಬಂತು. ಅಲ್ಲಿಯ ಮೊಂತೆ ಮರಿಯಾನೊ ಗುಡ್ಡದಲ್ಲಿ ಜೋಕಿಂ ಮಿರಾಂದ ಗುರುಗಳ ಗುರುಮಠವಿತ್ತು. ಸೆಪ್ಟೆಂಬರ್ 8ರಂದು ನಾವು ಹೊಸ ತೆನೆಯೊಡನೆ ಆಚರಿಸುವ ಮೊಂತಿ ಹಬ್ಬಕ್ಕೆ ಆ ಹೆಸರು ಬಂದದ್ದು ಈ ಗುಡ್ಡದಿಂದಲೇ ಎಂಬುದು ಸಂಪ್ರದಾಯದ ಮಾತು.

1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಅದು ಬೂದಿ ಬುಧವಾರವಾಗಿತ್ತೆಂದು ಹಿರಿಯರ ನೆನಪು ಹೇಳುತ್ತದೆ. ಸೆರೆಹೋದವರ ಸಂಖ್ಯೆಯನ್ನು ಒಬ್ಬೊಬ್ಬ ಲೇಖಕರು ಒಂದೊಂದು ಬಗೆಯಾಗಿ ಕೊಟ್ಟಿದ್ದಾರೆ. ಇಪ್ಪತ್ತೇಳು ಚರ್ಚುಗಳಿದ್ದವೆಂದೂ ಅವು ನೆಲಸಮವಾದವೆಂದೂ, ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಚರ್ಚು ಮಾತ್ರ ಉಳಿಯಿತೆಂದೂ ಚರಿತ್ರೆ ಹೇಳುತ್ತದೆ. ಅದು ಉಳಿದದ್ದು ಮೂಡುಬಿದಿರೆಯ ಚೌಟ ಅರಸರ ಸ್ನೇಹಪೂರ್ವಕ ಮಧ್ಯಸ್ಥಿಕೆಯಿಂದ. ಚೌಟರು ಜೈನರು, ಸಾವಿರ ಕಂಬದ ಬಸದಿಯ ಊರಿನ ಒಡೆಯರು. ನಮ್ಮ ಸೀಮೆಯ ಅತ್ಯಂತ ದಾರುಣವಾದ ವರ್ಷದಲ್ಲಿ ನಮ್ಮ ಒಂದು ದೇವಾಲಯವನ್ನು ಉಳಿಸಿಕೊಟ್ಟದ್ದು ನಮ್ಮ ಸಂಖ್ಯೆಯ ಬಲವಲ್ಲ, ನೆರೆಯವರ ಪ್ರೀತಿ. ಧರ್ಮಕೇಂದ್ರದ ಆರೋಗ್ಯವನ್ನು ಅಳೆಯುವಾಗ ಈ ಸಂಗತಿಯನ್ನು ಮರೆಯಲಾಗದು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಹಿಂದಿರುಗತೊಡಗಿದರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಅಧಿಕಾರಿಯು ಮಂಗಳೂರಿನಿಂದ ಹೊರಟು ಫರಂಗಿಪೇಟೆ, ವೇಣೂರು, ಮೂಡುಬಿದಿರೆಗಳ ಮೂಲಕ ಸಾಗಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಫರಂಗಿಪೇಟೆ ಪಾಳುಬಿದ್ದ ಊರಾಗಿ ಕಾಣುತ್ತದೆ. ಮಂಗಳೂರಿನ ವಿಕಾರ್ ಜನರಲ್ ಗುರುಗಳು ಅವನಿಗೆ ಕೊಟ್ಟ ಲೆಕ್ಕವೂ ಅಲ್ಲಿದೆ. ಸುಮಾರು 15,000 ಮಂದಿ ಮಂಗಳೂರಿಗೂ ಅದರ ಸುತ್ತಣ ಪ್ರದೇಶಕ್ಕೂ ಮರಳಿದ್ದಾರೆ. ಮಲಯಾಳ ನಾಡಿಗೆ ತಪ್ಪಿಸಿಕೊಂಡು ಹೋದ ಸುಮಾರು 10,000 ಮಂದಿ ಬಡತನ ಅನುಮತಿಸಿದಂತೆ ಹಿಂದಿರುಗುತ್ತಿದ್ದಾರೆ ಎಂಬುದು ಅದರ ಸಾರ. ಚರ್ಚುಗಳನ್ನು ಮತ್ತೆ ಕಟ್ಟಲು ಅವರಲ್ಲಿ ಹಣವಿರಲಿಲ್ಲ. ಆ ಗುರುಗಳು ಒಪ್ಪಿಸಿದ್ದು ಕುರುಬನ ಲೆಕ್ಕ. ಎಷ್ಟು ಮಂದಿ ಇದ್ದಾರೆ ಎನ್ನುವುದಕ್ಕಿಂತ ಎಷ್ಟು ಮಂದಿ ಮರಳಿದ್ದಾರೆ, ಇನ್ನೆಷ್ಟು ಮಂದಿ ದಾರಿಯಲ್ಲಿದ್ದಾರೆ ಎಂಬುದೇ ಅವರ ಎಣಿಕೆ. ಗೋಡೆಯೂ ಮಾಡೂ ಇಲ್ಲದ ಕಾಲದಲ್ಲಿಯೂ ಆ ಸಭೆಗೆ ಜೀವವಿತ್ತು, ಏಕೆಂದರೆ ಅದು ತನ್ನವರ ದಾರಿ ಕಾಯುತ್ತಿತ್ತು.

ಕುಗ್ಗುವ ಮೂಲಕ ಬೆಳೆದದ್ದು

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಹಿರಿಯರು ಗೇಣಿ ಒಕ್ಕಲುಗಳಾಗಿ ಒಳನಾಡಿಗೆ, ಘಟ್ಟದ ಬುಡದವರೆಗೂ ಹಬ್ಬಿದರು. ಆಡಳಿತದಲ್ಲಿಯೂ ಪರಿವರ್ತನೆಗಳಾದವು. ಗೋವೆಯ ಅಧೀನದಲ್ಲಿದ್ದ ಕೆನರಾ ವರಾಪುಳದ ಆಡಳಿತಕ್ಕೆ ಬಂದು, 1845ರಲ್ಲಿ ಅದರಿಂದ ಬೇರ್ಪಟ್ಟು, 1853ರಲ್ಲಿ ವಿಕಾರಿಯಾತ್ ಆಯಿತು. 1878ರ ಡಿಸೆಂಬರ್ 31ರಂದು ಯೇಸು ಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತವಾಗಿ, ನಿಕೊಲಾಸ್ ಪಗಾನಿಯವರು ಅದರ ಮೊದಲ ಧರ್ಮಾಧ್ಯಕ್ಷರಾದರು.

ಒಳನಾಡಿನಲ್ಲಿ ಹೊಸ ಧರ್ಮಕೇಂದ್ರಗಳು ಹುಟ್ಟಿದ್ದು ಹೆಚ್ಚಾಗಿ ದೂರದ ದೆಸೆಯಿಂದ. ಮಳೆಗಾಲದಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಅವುಗಳ ಉಪನದಿಗಳೂ ಉಕ್ಕಿದಾಗ ತಾಯಿ ಚರ್ಚಿಗೆ ಹೋಗುವ ದಾರಿ ಮುಚ್ಚುತ್ತಿತ್ತು. ಮರಣಶಯ್ಯೆಯಲ್ಲಿದ್ದವನಿಗೆ ಅಂತಿಮ ಸಂಸ್ಕಾರ ತಲುಪುವುದು ನದಿಯ ಕೃಪೆಯನ್ನು ಅವಲಂಬಿಸಿತ್ತು. 1923ರ ಮಹಾ ನೆರೆಯಲ್ಲಿ ಬಂಟ್ವಾಳ, ಪಾಣೆಮಂಗಳೂರುಗಳು ಮುಳುಗಿದ್ದನ್ನು ಕಂಡವರಿಗೆ ಈ ಭಯ ಬರಿಯ ಮಾತಾಗಿರಲಿಲ್ಲ. ಆದುದರಿಂದ ನಮ್ಮಲ್ಲಿ ಅನೇಕ ಚರ್ಚುಗಳು ಮೊದಲು ಮುಳಿಹುಲ್ಲಿನ ಪ್ರಾರ್ಥನಾ ಮಂದಿರವಾಗಿ, ಕೆಲವೆಡೆ ಮಕ್ಕಳ ಶಾಲೆಯಾಗಿ ತೊಡಗಿ, ಬಳಿಕ ಸ್ವತಂತ್ರ ಧರ್ಮಕೇಂದ್ರಗಳಾದವು.

ಇಲ್ಲಿ ಲೆಕ್ಕದ ಒಂದು ವೈಚಿತ್ರ್ಯವಿದೆ. ಮಗಳು ಚರ್ಚು ಹುಟ್ಟಿದ ವರ್ಷ ತಾಯಿ ಚರ್ಚಿನ ವಾರ್ಷಿಕ ವರದಿಯಲ್ಲಿ ಕುಟುಂಬಗಳ ಸಂಖ್ಯೆ ಒಮ್ಮೆಲೇ ಇಳಿಯುತ್ತದೆ. ಅಂಕಿಗಳನ್ನು ಮಾತ್ರ ನೋಡುವವನಿಗೆ ಅದು ಕ್ಷೀಣದಶೆ. ವಾಸ್ತವದಲ್ಲಿ ಆ ತಾಯಿಯ ಆಯುಷ್ಯದಲ್ಲಿ ಅದಕ್ಕಿಂತ ಆರೋಗ್ಯವಂತ ವರ್ಷ ಬೇರೊಂದಿಲ್ಲ. ಇದೇ ಮಾತು ಧರ್ಮಪ್ರಾಂತಕ್ಕೂ ಸಲ್ಲುತ್ತದೆ. 1923ರಲ್ಲಿ ಕಲ್ಲಿಕೋಟೆಯನ್ನು ಬಿಟ್ಟುಕೊಟ್ಟು ಮಂಗಳೂರು ಚಿಕ್ಕದಾಯಿತು. ಐದೇ ವರ್ಷಗಳಲ್ಲಿ, 1928ರಲ್ಲಿ, ವಲೇರಿಯನ್ ಡಿಸೋಜರು ಅದರ ಮೊದಲ ದೇಶೀಯ ಧರ್ಮಾಧ್ಯಕ್ಷರಾದರು. 2012ರಲ್ಲಿ ಉಡುಪಿ ಧರ್ಮಪ್ರಾಂತ ಹುಟ್ಟಿದಾಗಲೂ ಮಂಗಳೂರಿನ ಅಂಕಿ ಇಳಿಯಿತು. ಅದನ್ನು ಸೋಲೆಂದು ಯಾರೂ ಬಗೆಯಲಿಲ್ಲ. ಇತ್ತ ಬೆಳ್ತಂಗಡಿಯ ಕಾಡಂಚಿಗೆ ಇಪ್ಪತ್ತನೆಯ ಶತಮಾನದ ನಡುವಿನಿಂದ ಕೇರಳದ ಸಿರೊ ಮಲಬಾರ್ ಸೋದರರು ಬಂದು ನೆಲೆಸಿದರು. 1999ರಲ್ಲಿ ಅವರಿಗೂ ಬೆಳ್ತಂಗಡಿಯಲ್ಲಿ ಪ್ರತ್ಯೇಕ ಧರ್ಮಪ್ರಾಂತ ದೊರೆಯಿತು. ಎರಡು ಪೂಜಾವಿಧಿ, ಎರಡು ವರದಿ, ವಿಶ್ವಾಸವಾದರೋ ಒಂದೇ.

ಜನನ ಮರಣಗಳ ಅಂಕಣ

ನೂರು ವರ್ಷಗಳ ಹಿಂದೆ ಜ್ಞಾನಸ್ನಾನಗಳು ಅಷ್ಟಿದ್ದವು, ಈಗ ಇಷ್ಟೇ ಎಂದು ಹಲುಬುವವರು ಜ್ಞಾನಸ್ನಾನದ ಪುಸ್ತಕದ ಜೊತೆಗೆ ಮರಣದ ಪುಸ್ತಕವನ್ನೂ ತೆರೆದು ನೋಡಬೇಕು. ಕಳೆದ ಶತಮಾನದ ಆದಿಭಾಗದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 200 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 1918ರ ವಿಷಮ ಜ್ವರದ ಅಲೆಯಲ್ಲಿ ಭಾರತದಲ್ಲಿ ಮಡಿದವರು ಒಂದು ಕೋಟಿಗೂ ಹೆಚ್ಚು. ಘಟ್ಟದ ಬುಡದ ಸೀಮೆಗೆ ಮಲೇರಿಯವೂ ಸೇರಿತ್ತು. ಒಂದು ಮನೆಯಲ್ಲಿ ಎಂಟು ಜ್ಞಾನಸ್ನಾನ, ಮೂರು ನಾಲ್ಕು ಪುಟ್ಟ ಶವಪೆಟ್ಟಿಗೆ ಎಂಬುದು ಅಂದಿನವರಿಗೆ ಅಪರೂಪದ ಸಂಗತಿಯಾಗಿರಲಿಲ್ಲ. ಅಂಕಿಗಳ ದೃಷ್ಟಿಯಿಂದ ಅದು ಬೆಳವಣಿಗೆಯ ಕಾಲ. ಹೆತ್ತ ತಾಯಂದಿರನ್ನು ಕೇಳಿದ್ದರೆ ಅವರು ಅದನ್ನು ಆರೋಗ್ಯದ ಕಾಲವೆನ್ನುತ್ತಿರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶಿಶುಮರಣ ಸಾವಿರಕ್ಕೆ 25ರಷ್ಟಕ್ಕೆ ಇಳಿದಿದೆ. ಅದೇ ಸಮೀಕ್ಷೆಯಂತೆ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ 1.7. ಒಂದು ಪೀಳಿಗೆಯು ತನ್ನಷ್ಟೇ ಜನರ ಇನ್ನೊಂದು ಪೀಳಿಗೆಯನ್ನು ಬಿಟ್ಟುಹೋಗಲು ಬೇಕಾದದ್ದು 2.1. ಇದು ಎಲ್ಲ ಮತಗಳವರನ್ನೂ ಸೇರಿಸಿದ ರಾಜ್ಯದ ಲೆಕ್ಕ; ವಿದ್ಯಾವಂತರ ಜಿಲ್ಲೆಯಾದ ದಕ್ಷಿಣ ಕನ್ನಡದಲ್ಲಿ ಜ್ಞಾನಸ್ನಾನದ ಪುಟಗಳು ನಿಧಾನವಾಗಿ ತುಂಬುತ್ತಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಮಕ್ಕಳು ಉಳಿದದ್ದು ದೇವರ ವರ. ಮಕ್ಕಳು ವಿರಳವಾದದ್ದು ನಾಳಿನ ಚಿಂತೆ. ಎರಡೂ ಒಂದೇ ಅಂಕಣದಲ್ಲಿ ಕುಳಿತಿವೆ.

ಭೂಮಿ ಬಂತು, ಮಕ್ಕಳು ಹೋದರು

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯು ನಮ್ಮ ಜಿಲ್ಲೆಯ ಬದುಕನ್ನು ಮಗುಚಿ ಹಾಕಿತು. ಏಳನೆಯ ನಮೂನೆಯ ಅರ್ಜಿ ಸಲ್ಲಿಸಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಚಾಲಗೇಣಿಯ ಒಕ್ಕಲುಗಳು ಉಳುವ ನೆಲದ ಒಡೆಯರಾದರು. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಿಗೆ ಅದು ಹೊಸ ಜೀವ. ಭೂಮಿ ಕಳೆದುಕೊಂಡ ಕೆಲವು ಕುಟುಂಬಗಳಿಗೆ ಅದು ಸಂಕಟ. ಒಂದೇ ಪೂಜೆಯಲ್ಲಿ ಅಕ್ಕಪಕ್ಕ ಮೊಣಕಾಲೂರುತ್ತಿದ್ದ ಒಡೆಯನೂ ಒಕ್ಕಲೂ ಮಂಡಳಿಯ ಮುಂದೆ ಎದುರಾಳಿಗಳಾದದ್ದೂ ಉಂಟು. ಆ ವರ್ಷಗಳಲ್ಲಿ ಎಷ್ಟು ಮನೆಗಳ ನಡುವೆ ಮಾತು ನಿಂತಿತು, ಎಷ್ಟು ಮನೆಗಳು ಮತ್ತೆ ಒಂದಾದವು ಎಂಬುದಕ್ಕೆ ಯಾವ ವಾರ್ಷಿಕ ವರದಿಯಲ್ಲಿಯೂ ಅಂಕಣವಿರಲಿಲ್ಲ. ಆದರೆ ಧರ್ಮಕೇಂದ್ರದ ನಾಡಿ ಮಿಡಿಯುತ್ತಿದ್ದದ್ದು ಅಲ್ಲಿಯೇ.

ನೆಲ ಸ್ವಂತವಾದ ಮೇಲೆ ಅಡಿಕೆ ತೋಟ ಬಂತು; ಆದಾಯದಿಂದ ಮಕ್ಕಳಿಗೆ ವಿದ್ಯೆ ಬಂತು; ವಿದ್ಯೆ ಅವರನ್ನು ದೂರಕ್ಕೆ ಒಯ್ದಿತು. ಮುಂಬಯಿಗೆ ಹೋಗುವುದು ಹಳೆಯ ರೂಢಿಯೇ; ಎಪ್ಪತ್ತರ ದಶಕದಿಂದ ಕೊಲ್ಲಿ ದೇಶಗಳು, ಆಮೇಲೆ ಬೆಂಗಳೂರು, ಯುರೋಪು, ಕೆನಡಾ. ನಮ್ಮ ಹಿರಿಯರನ್ನು ನೆಲದಲ್ಲಿ ನೆಲೆನಿಲ್ಲಿಸಿದ ಅದೇ ಭಾಗ್ಯವು ಅವರ ಮೊಮ್ಮಕ್ಕಳಿಗೆ ರೆಕ್ಕೆ ಕೊಟ್ಟಿತು. ಪರವೂರಿನಲ್ಲಿ ದುಡಿದವರ ಹಣದಿಂದ ಊರಿನ ಚರ್ಚುಗಳು ಹೊಸದಾದವು, ಗೋಪುರಗಳು ಎದ್ದವು, ಸಭಾಭವನಗಳು ಬಂದವು. ಕಟ್ಟಡ ಹಿಗ್ಗಿದ ಕಾಲದಲ್ಲಿಯೇ ಮನೆಗಳು ಬರಿದಾದವು. ಒಂದು ಕಾಲಕ್ಕೆ ಮಕ್ಕಳಿಂದ ಗಿಜಿಗುಟ್ಟುತ್ತಿದ್ದ ಚರ್ಚು ಆಡಳಿತದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂದು ಬೆಂಚುಗಳು ಖಾಲಿ ಬೀಳುತ್ತಿರುವುದನ್ನು ಎಲ್ಲರೂ ಬಲ್ಲರು.

ಇಂದಿನ ಲೆಕ್ಕವನ್ನು ಓದುವ ಬಗೆ

ಈ ಹಿನ್ನೆಲೆಯಲ್ಲಿ ಇಂದಿನ ವಾರ್ಷಿಕ ವರದಿಯನ್ನು ಎಚ್ಚರದಿಂದ ಓದಬೇಕಾಗಿದೆ. ಕುಟುಂಬಗಳ ಸಂಖ್ಯೆ ಏರಿತೆಂದು ನಾವು ಸಂತೋಷಪಡುವಾಗ, ಅವಿಭಕ್ತ ಕುಟುಂಬ ಒಡೆದು ಒಂದು ಒಲೆಯಿದ್ದಲ್ಲಿ ಮೂರು ಒಲೆಗಳಾಗಿರುವುದನ್ನು ಮರೆಯುತ್ತೇವೆ. ಮನೆಗಳು ಹೆಚ್ಚಾಗಿ ಜನ ಕಡಿಮೆಯಾಗಿರುವುದು ಸಾಧ್ಯ. ಪರದೇಶದಲ್ಲಿ ನೆಲೆಸಿದವರ ಹೆಸರುಗಳನ್ನೂ ಪಟ್ಟಿಯಲ್ಲಿ ಉಳಿಸಿಕೊಂಡು ಒಟ್ಟು ಸಂಖ್ಯೆಯನ್ನು ತೋರಿಸುವಾಗ ಭಾನುವಾರದ ಪೀಠಗಳು ಬೇರೆಯೇ ಕತೆ ಹೇಳುತ್ತವೆ. ವಾರ್ಷಿಕ ಹಬ್ಬದ ದಿನ ಅಂಗಳ ತುಂಬುತ್ತದೆ. ಹಬ್ಬದ ಜನಸಂದಣಿ ಧರ್ಮಕೇಂದ್ರದ ಸಂತೋಷಕ್ಕೆ ಸಾಕ್ಷಿ, ಆರೋಗ್ಯಕ್ಕೆ ಸಾಕ್ಷಿ ಆಷಾಢದ ಒಂದು ಸಾಧಾರಣ ಮಂಗಳವಾರ.

ನಮ್ಮ ಹಿರಿಯರು ಈ ಕಾರ್ಯಕ್ಕೆ ಒಂದು ಏರ್ಪಾಟನ್ನು ಬಿಟ್ಟುಹೋಗಿದ್ದಾರೆ. ಅದು ವಾಡೆ ಮತ್ತು ಗುರ್ಕಾರರ ಪದ್ಧತಿ. ಗುರುಗಳು ವಿರಳರಾಗಿದ್ದ, ದಾರಿಗಳು ದುರ್ಗಮವಾಗಿದ್ದ ಕಾಲದಲ್ಲಿ ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಸಾವು, ಯಾವ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳು ಎಂಬುದನ್ನು ಗುರ್ಕಾರನು ಬಲ್ಲವನಾಗಿದ್ದ. ಆತ ಬರೆಯದ ಆತ್ಮಸ್ಥಿತಿಯ ಪುಸ್ತಕವಾಗಿದ್ದ. 2020ರ ಮಾರ್ಚ್‌ನಲ್ಲಿ ಮಹಾಮಾರಿಯ ದೆಸೆಯಿಂದ ಚರ್ಚುಗಳ ಬಾಗಿಲು ಮುಚ್ಚಿದಾಗ, ಪೂಜೆಯು ಪರದೆಯ ಮೇಲೆ ಮಾತ್ರ ಕಾಣಿಸಿದಾಗ, ಶವಸಂಸ್ಕಾರಕ್ಕೆ ಬೆರಳೆಣಿಕೆಯ ಜನ ನಿಂತಾಗ, ಒಂಟಿ ವೃದ್ಧರ ಮನೆಗೆ ಅಕ್ಕಿಯೂ ಔಷಧಿಯೂ ತಲುಪಬೇಕಾದದ್ದು ಇಂತಹ ನೆರೆಹೊರೆಯ ಮೂಲಕವೇ. ಆ ವರ್ಷದ ವರದಿಯ ಎಲ್ಲ ಅಂಕಣಗಳೂ ಸೊರಗಿದ್ದವು. ಹಾಗಿದ್ದೂ ವಾಡೆಗಳು ಎಚ್ಚರವಾಗಿದ್ದಲ್ಲಿ ಧರ್ಮಕೇಂದ್ರ ಎಚ್ಚರವಾಗಿತ್ತು.

ಆದುದರಿಂದ ಎರಡನೆಯ ಶತಮಾನದ ಹೊಸ್ತಿಲಲ್ಲಿ ನಿಂತಿರುವ ನಾವು ವಾರ್ಷಿಕ ಲೆಕ್ಕದ ಕೊನೆಗೆ ಇನ್ನೂ ಕೆಲವು ಪ್ರಶ್ನೆಗಳನ್ನು ನಾವಾಗಿಯೇ ಸೇರಿಸಿಕೊಳ್ಳಬೇಕು. ಈ ವರ್ಷ ಗುರುಗಳ ಕಾಲು ಮೆಟ್ಟದ ಮನೆಗಳು ಎಷ್ಟು? ಮಕ್ಕಳೆಲ್ಲ ದೂರವಿದ್ದು ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ತಂದೆತಾಯಿಯರು ಎಷ್ಟು, ಅವರಿಗೆ ಪರಮಪ್ರಸಾದವನ್ನು ಒಯ್ಯುವವರು ಯಾರು? ಜಗಳದಿಂದ ಚರ್ಚಿನ ಮೆಟ್ಟಿಲು ಬಿಟ್ಟವರಲ್ಲಿ ಮರಳಿದವರು ಎಷ್ಟು? ತೋಟದ ಕೆಲಸಕ್ಕೆ ಹೊರನಾಡಿನಿಂದ ಬಂದು ನಮ್ಮ ಹಿಂದಿನ ಪೀಠದಲ್ಲಿ ಕುಳಿತುಕೊಳ್ಳುವ ಅನ್ಯಭಾಷೆಯ ಕ್ರೈಸ್ತನ ಹೆಸರು ನಮ್ಮ ಯಾವ ಪುಸ್ತಕದಲ್ಲಿದೆ? ಚೌಟ ಅರಸರು ಅಂದು ತೋರಿದ ಸ್ನೇಹಕ್ಕೆ ಪ್ರತಿಯಾಗಿ ನಮ್ಮ ಹಿಂದೂ, ಜೈನ, ಮುಸ್ಲಿಂ ನೆರೆಯವರ ಕಷ್ಟದಲ್ಲಿ ನಾವು ಎಷ್ಟು ಬಾರಿ ಬಾಗಿಲು ತಟ್ಟಿದೆವು?

ಈ ಪ್ರಶ್ನೆಗಳಿಗೆ ಉತ್ತರ ಚಿಕ್ಕದಾಗಿರಬಹುದು; ಕೆಲವೊಮ್ಮೆ ನಾಚಿಕೆ ತರುವಂತಹುದೂ ಆಗಿರಬಹುದು. ಅದರಿಂದ ಅಂಜಬೇಕಾಗಿಲ್ಲ. 1801ರ ಲೆಕ್ಕಕ್ಕಿಂತ ದೀನವಾದ ಲೆಕ್ಕ ನಮ್ಮಲ್ಲಿ ಯಾರಿಗೂ ಬರೆಯುವ ಪ್ರಸಂಗ ಬಂದಿಲ್ಲ. ಚರ್ಚುಗಳು ನೆಲಸಮವಾಗಿ, ಜನ ಚದರಿಹೋಗಿ, ಕೈ ಬರಿದಾಗಿದ್ದ ಆ ಸಭೆಯು ತನ್ನಲ್ಲಿ ಯಾರು ಇಲ್ಲ ಎಂಬುದನ್ನು ಬಲ್ಲುದಾಗಿತ್ತು. ಆ ಅರಿವಿನಿಂದಲೇ ನಾವಿಂದು ಶತಮಾನೋತ್ಸವ ಆಚರಿಸುವಂತಾದೆವು.

ಇನ್ನು ನೂರು ವರ್ಷಗಳ ಬಳಿಕ ಈ ಧರ್ಮಕೇಂದ್ರದ ದಾಖಲೆಗಳನ್ನು ತೆರೆಯುವ ಗುರುವಿಗೆ ನಮ್ಮ ಸಂಖ್ಯೆ ದೊಡ್ಡದಾಗಿ ಕಂಡೀತೋ ಚಿಕ್ಕದಾಗಿ ಕಂಡೀತೋ ದೇವರೇ ಬಲ್ಲ. ಆದರೆ ಹೆಸರು ಬಿಟ್ಟುಹೋದವರು ಕಡಿಮೆ, ಹುಡುಕಿ ತಂದವರು ಹೆಚ್ಚು ಎಂದು ಆತ ಓದುವಂತಾದರೆ ಅದೇ ಸಾರ್ಥಕತೆ. ಒಳ್ಳೆಯ ಕುರುಬನಾದ ಪ್ರಭುವು ಗುರುಗಳನ್ನೂ ಗುರ್ಕಾರರನ್ನೂ ಸಮಸ್ತ ಧರ್ಮಕೇಂದ್ರದ ಜನರನ್ನೂ ಆಶೀರ್ವದಿಸಲಿ. ಸಂಜೆಯ ಎಣಿಕೆಯಲ್ಲಿ ಯಾರೊಬ್ಬರೂ ಹೊರಗೆ ಉಳಿಯದಿರಲಿ.